ಹುಟ್ಟುಹಬ್ಬದ ಕೋಣೆಯಲ್ಲಿ ಭಯದ ಸಿನಿಮಾ: ಕುವೆಂಪುನಗರದ ಒಂದು ಬಾಡಿಗೆ ಚಿತ್ರಮಂದಿರ

ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಪುಟ್ಟ ಖಾಸಗಿ ಚಿತ್ರಮಂದಿರಗಳು ಮೈಸೂರಿನಲ್ಲಿ ಈಗ ಹಲವು ಕಡೆ ಇವೆ. ಜನ ಅಲ್ಲಿಗೆ ಹೋಗುವುದು ಹೆಚ್ಚಾಗಿ ಹುಟ್ಟುಹಬ್ಬಕ್ಕೆ, ಮದುವೆಯ ವಾರ್ಷಿಕೋತ್ಸವಕ್ಕೆ. ನಾನು ಮತ್ತು ನನ್ನ ರಂಗತಂಡದ ಗೆಳೆಯರು ಹೋಗುವುದು ಕಡಿಮೆ ದುಡ್ಡಿನಲ್ಲಿ ತಯಾರಾದ ಭಯದ ಸಿನಿಮಾಗಳನ್ನು ನೋಡಲು. ನಾವು ಹಿಡಿದಿರುವ ಮಂದಿರ ಕುವೆಂಪುನಗರದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಮೂರು ಗಂಟೆಗೆ 1,500 ರೂಪಾಯಿ, ಎಂಟು ಜನ ಕೂರಬಹುದು. ಹಂಚಿಕೊಂಡರೆ ತಲೆಗೆ ಇನ್ನೂರು ರೂಪಾಯಿಯೂ ಆಗುವುದಿಲ್ಲ.

ನಾನು ಹವ್ಯಾಸಿ ನಾಟಕಗಳಿಗೆ ವಸ್ತ್ರ ಮತ್ತು ಪ್ರಸಾಧನ ಮಾಡುವವಳು. ಹಾಗಾಗಿ ಸಿನಿಮಾದಲ್ಲಿ ನನ್ನ ಕಣ್ಣು ಮೊದಲು ಹೋಗುವುದು ರಕ್ತವನ್ನು ಯಾವುದರಿಂದ ಮಾಡಿದ್ದಾರೆ, ಮುಖವಾಡದ ಅಂಚನ್ನು ಎಲ್ಲಿ ಮರೆಮಾಡಿದ್ದಾರೆ ಎಂಬುದರ ಕಡೆಗೆ. ಕೋಟಿಗಟ್ಟಲೆ ಸುರಿದ ಚಿತ್ರಗಳಲ್ಲಿ ಈ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ, ಎಲ್ಲವನ್ನೂ ಕಂಪ್ಯೂಟರ್ ಮಾಡಿರುತ್ತದೆ. ಕೈಯಲ್ಲಿ ಕಾಸಿಲ್ಲದವರು ಮಾಡಿದ ಚಿತ್ರದಲ್ಲಿ ಪ್ರತಿಯೊಂದರ ಹಿಂದೆಯೂ ಒಬ್ಬರ ಕೈ ಕಾಣುತ್ತದೆ. ನನಗೆ ಬೇಕಾದದ್ದು ಆ ಕೈ.

ಇಲ್ಲಿ ಮೊದಲು ನೋಡಿದ್ದು ಜಾರ್ಜ್ ರೊಮೆರೊ ಅವರ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಸತ್ತವರು ಎದ್ದು ನಡೆದು ಬರುವ ಕಥೆ ಅದು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಜಾಹೀರಾತು ಚಿತ್ರಗಳನ್ನು ಮಾಡಿಕೊಂಡಿದ್ದ ತಂಡ, ಸುಮಾರು 1,14,000 ಡಾಲರ್ ಹೊಂದಿಸಿ, ಕೆಡವಲೆಂದು ಬಿಟ್ಟಿದ್ದ ಒಂದು ತೋಟದ ಮನೆಯಲ್ಲಿ ಚಿತ್ರೀಕರಿಸಿತು. ಚಿತ್ರದ ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋದದ್ದರಿಂದ ಚಿತ್ರ ಯಾರ ಸ್ವತ್ತೂ ಅಲ್ಲದಾಯಿತು. ಮಾಡಿದವರಿಗೆ ಅದರಿಂದ ದೊಡ್ಡ ನಷ್ಟ, ಆದರೆ ನಮ್ಮಂಥವರು ಯಾರನ್ನೂ ಕೇಳದೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯಬಹುದು.

ಅದರ ಮೊದಲ ದೃಶ್ಯ ಸ್ಮಶಾನದ್ದು. ಅಣ್ಣ ತಂಗಿ ಸಮಾಧಿಗೆ ಹೂವಿಡಲು ಬಂದಿದ್ದಾರೆ. ದೂರದಲ್ಲಿ ಸೂಟು ತೊಟ್ಟ ಒಬ್ಬ ಮನುಷ್ಯ ನಡೆದು ಬರುತ್ತಿದ್ದಾನೆ. ಹೇಳಿಕೊಳ್ಳುವಂಥ ಬಣ್ಣವಿಲ್ಲ, ಹರಿದ ಮಾಂಸವಿಲ್ಲ. ನಡಿಗೆಯಷ್ಟೇ ಸರಿಯಿಲ್ಲ. ದಾರಿಹೋಕನಿರಬೇಕೆಂದು ನಾವು ಅವನನ್ನು ಮರೆಯುವಷ್ಟರಲ್ಲಿ ಅವನು ಹತ್ತಿರ ಬಂದಿರುತ್ತಾನೆ. ನಮ್ಮ ತಂಡದ ಹುಡುಗರು ಪಾತ್ರವೆಂದ ಕೂಡಲೇ ಮುಖಕ್ಕೆ ಬಣ್ಣ ಕೇಳುತ್ತಾರೆ. ಕಾಲಿನಲ್ಲಿ ಪಾತ್ರ ಕಟ್ಟುವುದು ಹೇಗೆಂದು ಅವರಿಗೆ ಈ ದೃಶ್ಯವನ್ನು ಎರಡು ಸಲ ಹಿಂದಕ್ಕೆ ಓಡಿಸಿ ತೋರಿಸಿದೆ.

ಇನ್ನು ರಕ್ತ. ಆ ಚಿತ್ರದಲ್ಲಿ ಅವರು ಬಳಸಿದ್ದು ಚಾಕೊಲೇಟ್ ಸಿರಪ್. ಕಪ್ಪು ಬಿಳುಪಿನಲ್ಲಿ ಕೆಂಪು ಯಾರಿಗೆ ಬೇಕು? ಬೇಕಾದದ್ದು ಸಾಂದ್ರತೆ, ಬೆರಳಿನಿಂದ ನಿಧಾನವಾಗಿ ಇಳಿಯುವ ಗುಣ, ಚರ್ಮದ ಮೇಲೆ ಕಡುವಾಗಿ ನಿಲ್ಲುವ ಛಾಯೆ. ನಾನು ಸಕ್ಕರೆ ಪಾಕಕ್ಕೆ ತಿನ್ನುವ ಕೆಂಪು ಬಣ್ಣ ಬೆರೆಸುತ್ತೇನೆ. ಅಷ್ಟೇ ಆದರೆ ರಂಗದ ಹಳದಿ ಬೆಳಕಿನಲ್ಲಿ ಅದು ಕುಂಕುಮದ ನೀರಿನಂತೆ ಕಾಣುತ್ತದೆ. ಚಿಟಿಕೆ ಕೋಕೋ ಪುಡಿ ಹಾಕಿದರೆ ಹೊರಬಂದು ಸ್ವಲ್ಪ ಹೊತ್ತಾದ ರಕ್ತದ ಬಣ್ಣ ಬರುತ್ತದೆ. ಪಿಟ್ಸ್‌ಬರ್ಗಿನವರೂ ಒಂದು ಒಲೆಯ ಮುಂದೆ ಅಥವಾ ಅಂಗಡಿಯ ಕಪಾಟಿನ ಮುಂದೆ ನಿಂತು ಇದೇ ಲೆಕ್ಕ ಹಾಕಿರುತ್ತಾರೆ ಎಂದುಕೊಂಡಾಗ ನನಗೆ ಆಗುವ ಸಂತೋಷ ದೊಡ್ಡದು.

ಮಂದಿರಕ್ಕೆ ಬರುತ್ತೇನೆ. ಸೋಫಾಗಳು ಮೆತ್ತಗಿವೆ, ಕಾಲು ಚಾಚಬಹುದು. ನೆಲದಲ್ಲಿ ಹಳೆಯ ಕೇಕಿನ ಜಿಡ್ಡಿಲ್ಲ, ಶೌಚಾಲಯ ಶುಚಿಯಾಗಿದೆ. ಗೋಡೆಯ ಮೇಲೆ ಹುಟ್ಟುಹಬ್ಬದ ಶುಭಾಶಯ ಹೇಳುವ ಗುಲಾಬಿ ದೀಪದ ಫಲಕ, ಮೆಟ್ಟಿಲಂಚಿನುದ್ದಕ್ಕೂ ನೀಲಿ ಎಲ್‌ಇಡಿ ಪಟ್ಟಿ. ಅಲ್ಲಿನ ಹುಡುಗ ಬಂದು, “ಮೇಡಂ, ಕೇಕ್ ಎಷ್ಟು ಹೊತ್ತಿಗೆ ತರಲಿ?” ಎಂದು ಕೇಳಿದ. “ಕೇಕ್ ಬೇಡಪ್ಪ, ಈ ದೀಪಗಳನ್ನು ಆರಿಸಿಕೊಟ್ಟರೆ ಸಾಕು” ಎಂದೆ. ಫಲಕವನ್ನು ಆರಿಸಿದ. ನೀಲಿ ಪಟ್ಟಿಯ ಸ್ವಿಚ್ಚು ಎಲ್ಲಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಆ ಪಟ್ಟಿಯ ಕೇಡು ತಿಳಿದದ್ದು ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೋವೀನ್’ (1978) ಹಾಕಿದ ದಿನ. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಕೊಂಡ ಅಗ್ಗದ ಸರಕು. ಒಂದು ಟಿವಿ ಧಾರಾವಾಹಿಯ ನಾಯಕನ ಮುಖ ಅದು. ಕಣ್ಣಿನ ತೂತು ದೊಡ್ಡದು ಮಾಡಿ ಬಿಳಿ ಬಣ್ಣ ಸಿಂಪಡಿಸಿದರು, ಭಾವವೇ ಇಲ್ಲದ ಮುಖ ಸಿದ್ಧವಾಯಿತು. ಕಥೆ ನಡೆಯುವುದು ಎಲೆ ಉದುರುವ ಕಾಲದಲ್ಲಿ, ಚಿತ್ರೀಕರಿಸಿದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಎಲೆಗಳಿಗೆ ಬಣ್ಣ ಬಳಿದು ಹರಡಿ, ದೃಶ್ಯ ಮುಗಿದ ಮೇಲೆ ಆಯ್ದುಕೊಂಡು ಮುಂದಿನ ಬೀದಿಗೆ ಒಯ್ದರು. ಕೊನೆಯ ಭಾಗದಲ್ಲಿ ನಾಯಕಿಯ ಹಿಂದೆ ಕತ್ತಲೆ ತುಂಬಿದ ಬಾಗಿಲಿದೆ. ಆ ಕತ್ತಲಿನೊಳಗಿಂದ ಬಿಳಿ ಮುಖ ಮೆಲ್ಲಗೆ ಮೂಡುತ್ತದೆ. ಯಾವ ಕ್ಷಣದಲ್ಲಿ ಕಂಡಿತೆಂದು ಹೇಳಲಾಗಬಾರದು, ಅದೇ ಆ ದೃಶ್ಯದ ಪ್ರಾಣ. ಇಲ್ಲಿ ಪರದೆಯ ಕಪ್ಪು ಬೂದಿ ಬಣ್ಣಕ್ಕೆ ತಿರುಗಿದ್ದರಿಂದ ಅಲ್ಲಿ ಯಾರೋ ಇದ್ದಾರೆಂದು ಮೊದಲೇ ಗೊತ್ತಾಯಿತು. ಅರ್ಧ ದೋಷ ಪ್ರೊಜೆಕ್ಟರಿನದು, ಅರ್ಧ ನೀಲಿ ಪಟ್ಟಿಯದು. ಆಮೇಲಿನ ಭೇಟಿಗೆ ಹೋಗುವಾಗ ಕಪ್ಪು ಬಟ್ಟೆಯ ಉದ್ದನೆಯ ಪಟ್ಟಿ ಹೊಲಿದು ಒಯ್ದೆ. ಮೆಟ್ಟಿಲಿಗೆ ಹೊದಿಸಲು ಅವರು ಬೇಡವೆನ್ನಲಿಲ್ಲ. ಪರದೆ ಸಾಕಷ್ಟು ಸುಧಾರಿಸಿತು.

ಧ್ವನಿಗೆ ಪೂರ್ಣ ಅಂಕ ಕೊಡುತ್ತೇನೆ. ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ನೋಡುವವರಿಗೆ ಕಣ್ಣಿಗಿಂತ ಕಿವಿ ಮುಖ್ಯ. ನಟರೇ ಕ್ಯಾಮೆರಾ ಹಿಡಿದು ಕಾಡಿನಲ್ಲಿ ತಿರುಗಿದ ಚಿತ್ರ ಅದು. ಮಾಟಗಾತಿ ಕೊನೆಯವರೆಗೂ ಕಾಣುವುದಿಲ್ಲ. ರಾತ್ರಿ ಡೇರೆಯ ಹೊರಗೆ ಕಡ್ಡಿ ಮುರಿಯುವ ಸದ್ದು ಹಿಂದಿನ ಸ್ಪೀಕರಿನಿಂದ ಬಂದಾಗ ಪಕ್ಕದಲ್ಲಿದ್ದ ನನ್ನ ತಂಗಿ ನನ್ನ ಮೊಣಕೈ ಹಿಡಿದುಕೊಂಡಳು. ಮನೆಯ ಟಿವಿಯಲ್ಲಿ ಇದೇ ಚಿತ್ರವನ್ನು ಅವಳು ಮೊಬೈಲ್ ನೋಡುತ್ತಾ ಮುಗಿಸಿದ್ದಳು. ಆದರೆ ಈ ಮಂದಿರದ ಎರಡು ಕೋಣೆಗಳ ನಡುವಿನ ಗೋಡೆ ತೆಳು. ಚಿತ್ರದ ಕೊನೆಯಲ್ಲಿ ಬರುವ ಮನೆಯೊಳಗೆ ಪಾತ್ರಗಳು ಓಡುತ್ತಿರುವಾಗ ಪಕ್ಕದ ಕೋಣೆಯಲ್ಲಿ ಚಪ್ಪಾಳೆ, ಹುಟ್ಟುಹಬ್ಬದ ಹಾಡು, ಬಲೂನು ಒಡೆದ ಶಬ್ದ. ತುಂಬಾ ಬೇಸರವಾಯಿತು. ವ್ಯವಸ್ಥಾಪಕರಿಗೆ ಹೇಳಿದೆ. ಕೇಳಿಕೊಂಡರು, ಅಷ್ಟೇ.

ಇಷ್ಟಾದರೂ ಈ ಜಾಗವನ್ನು ಶಿಫಾರಸು ಮಾಡುತ್ತೇನೆ. ಇಂಥ ಚಿತ್ರಗಳು ದೊಡ್ಡ ಮಂದಿರಕ್ಕೆ ಬಂದರೂ ಒಂದು ವಾರ ನಿಲ್ಲುವುದು ಕಷ್ಟ. ಮೊಬೈಲಿನಲ್ಲಿ ನೋಡಿದರೆ ಅವುಗಳಿಗೆ ಅನ್ಯಾಯ. ಇವುಗಳಿಗೆ ಬೇಕಾದದ್ದು ಕತ್ತಲು, ಒಳ್ಳೆಯ ಧ್ವನಿ, ಎದ್ದು ಹೋಗದ ಏಳೆಂಟು ಜನ. ಮೂರು ಗಂಟೆಯ ಅವಧಿಯೂ ಹದವಾಗಿ ಹೊಂದುತ್ತದೆ. ರೊಮೆರೊ ಚಿತ್ರ 96 ನಿಮಿಷ, ಕಾರ್ಪೆಂಟರ್ ಅವರದು 91. ಚಿತ್ರ ಮುಗಿದ ಮೇಲೆ ಗಂಟೆಗೂ ಹೆಚ್ಚು ಕಾಲ ಮಾತಾಡಬಹುದು. ಕೆಳಗಿನ ಬೀದಿಯಿಂದ ಕಾಫಿ ತರಿಸಲು ಅಡ್ಡಿಯಿಲ್ಲ.

ಮುಂದೆ ಹಾಕಲಿರುವುದು ಪವನ್ ಕುಮಾರ್ ಅವರ ‘ಲೂಸಿಯಾ’ (2013). ನಿರ್ಮಾಪಕರು ಮುಂದೆ ಬಾರದಿದ್ದಾಗ 110 ಜನ ಸೇರಿ 51 ಲಕ್ಷ ರೂಪಾಯಿ ಕೊಟ್ಟು ಆಗುಮಾಡಿಸಿದ ಕನ್ನಡ ಚಿತ್ರ. ನಾಯಕ ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವವನು. ಅದಾದ ಮೇಲೆ ಜಪಾನಿನ ‘ಒನ್ ಕಟ್ ಆಫ್ ದಿ ಡೆಡ್’ (2017). ಮೂವತ್ತು ಲಕ್ಷ ಯೆನ್‌ನಲ್ಲಿ ಮಾಡಿದ್ದು. ಮೊದಲ 37 ನಿಮಿಷ ಒಂದೇ ಶಾಟ್. ಅಷ್ಟು ಹೊತ್ತು ಏನೋ ಸರಿಯಿಲ್ಲ ಅನ್ನಿಸಿದರೂ ಯಾರೂ ಎದ್ದು ಹೋಗಬಾರದು. ಕಾರಣವನ್ನು ನಾನು ಹೇಳುವುದಿಲ್ಲ.

ನೀವು ಹೋಗುವುದಾದರೆ ಅಲಂಕಾರ ಬೇಡವೆಂದು ಕಾಯ್ದಿರಿಸುವಾಗಲೇ ಹೇಳಿ, ಇಲ್ಲವಾದರೆ ಅದರ ಹಣ ಬಿಲ್ಲಿಗೆ ಸೇರುತ್ತದೆ. ಪೆನ್‌ಡ್ರೈವಿನ ಜೊತೆ ಲ್ಯಾಪ್‌ಟಾಪನ್ನೂ ಒಯ್ಯಿರಿ, ಅವರ ಯಂತ್ರ ಕೆಲವೊಮ್ಮೆ ಅಡಿಬರಹಗಳನ್ನು ತೋರಿಸುವುದಿಲ್ಲ. ಸಂಜೆ ಬೇಡ. ವಾರದ ನಡುವೆ ಮಧ್ಯಾಹ್ನದ ಹೊತ್ತು ಕೇಳಿ: ಪಕ್ಕದ ಕೋಣೆ ಸಾಮಾನ್ಯವಾಗಿ ಖಾಲಿ ಇರುತ್ತದೆ, ಬಾಡಿಗೆಯಲ್ಲೂ 300 ರೂಪಾಯಿ ಬಿಡುತ್ತಾರೆ.