ಪ್ಲೇಟ್‌ಗೆ ಐದು ಸ್ಟಾರ್, ಪ್ಲೇಯರ್‌ಗೆ ಎರಡು

ಸೂಟ್‌ಕೇಸ್ ಥರದ ರೆಕಾರ್ಡ್ ಪ್ಲೇಯರ್ ತರಿಸಿದ್ದೆ, ಜೊತೆಗೆ ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿಯ ಕ್ರಿಸ್‌ಮಸ್ ಹಾಡುಗಳ ಸೆಕೆಂಡ್‌ಹ್ಯಾಂಡ್ ಎಲ್‌ಪಿ ಪ್ಲೇಟ್. ಕೊಡಗಿನ ಸುಂಟಿಕೊಪ್ಪದ ಮನೆಯಲ್ಲಿ ಒಂದು ತಿಂಗಳು ಕೇಳಿದ ಮೇಲೆ ಬರೆಯುತ್ತಿದ್ದೇನೆ.

ಪ್ಲೇಯರ್ ನೋಡೋಕೆ ಚೆಂದ, ಅಷ್ಟೇ. ಒಳಗಿನ ಸ್ಪೀಕರ್ ತೀರಾ ಸಣ್ಣದು. ಕ್ರಾಸ್ಬಿಯ ತಗ್ಗಿನ ದನಿ ತಗಡಿನ ಡಬ್ಬಿಯೊಳಗಿಂದ ಬಂದ ಹಾಗಿರುತ್ತೆ. ಬೇರೆ ಸ್ಪೀಕರ್ ಜೋಡಿಸಿದರೆ ಪರವಾಗಿಲ್ಲ.

ಪ್ಲೇಟ್ ಮಾತ್ರ ಬಂಗಾರ. ಕವರ್‌ಗೆ ಬೂಷ್ಟು ಹಿಡಿದಿತ್ತು, ನಮ್ಮ ಮಳೆಗೆ ಚಪ್ಪಲಿ ಬೆಲ್ಟ್‌ಗಳೂ ಬೂಷ್ಟು ಹಿಡಿಯುತ್ತವೆ, ಅದಕ್ಕೇನೂ ಬೇಜಾರಿಲ್ಲ. ಒಣಗಲಿ ಅಂತ ಒಲೆ ಹತ್ತಿರ ಮಾತ್ರ ಇಡಬೇಡಿ, ಪ್ಲೇಟ್ ಬಾಗಿಹೋಗುತ್ತೆ.

ಮಾರಿದವರು ಇದರಲ್ಲಿರುವ 'ವೈಟ್ ಕ್ರಿಸ್‌ಮಸ್' ಹಾಡು 1942ರ ಒರಿಜಿನಲ್ ರೆಕಾರ್ಡಿಂಗ್ ಅಂದಿದ್ದರು. ಅಲ್ಲ. ಶುರುವಿನಲ್ಲೇ ಕೊಳಲು, ಸಣ್ಣ ಗಂಟೆಯಂಥ ಸೆಲೆಸ್ಟಾ ಕೇಳಿಸುತ್ತೆ, ಅದು 1947ರ ರೆಕಾರ್ಡಿಂಗ್. 1942ರ ಮಾಸ್ಟರ್‌ನಿಂದ, ಅಂದರೆ ಮೂಲ ಅಚ್ಚಿನಿಂದ, ಕಾಪಿ ತೆಗೆದೂ ತೆಗೆದೂ ಅದು ಸವೆದೇ ಹೋಯ್ತು, ಹಾಗಾಗಿ ಅದೇ ಜಾನ್ ಸ್ಕಾಟ್ ಟ್ರಾಟರ್ ಆರ್ಕೆಸ್ಟ್ರಾ, ಅದೇ ಕೆನ್ ಡಾರ್ಬಿ ಸಿಂಗರ್ಸ್‌ನ ಮತ್ತೆ ಕರೆಸಿ ಹಾಡಿಸಿದರು. ಗಿನ್ನೆಸ್ ದಾಖಲೆಯವರ ಅಂದಾಜಿನಲ್ಲಿ ಕ್ರಾಸ್ಬಿಯ ಈ ಹಾಡು 5 ಕೋಟಿ ಪ್ರತಿ ಖರ್ಚಾಗಿದೆ, ಸವೆಯದೆ ಇರುತ್ತಾ?

ಬರೆದದ್ದು ಅರ್ವಿಂಗ್ ಬರ್ಲಿನ್. ರಷ್ಯಾದಿಂದ 5 ವರ್ಷದವನಿದ್ದಾಗ ನ್ಯೂಯಾರ್ಕ್‌ಗೆ ಬಂದ ಯಹೂದಿ ಹುಡುಗ. ಸ್ವರಲಿಪಿ ಓದೋಕೆ ಬರುತ್ತಿರಲಿಲ್ಲ. ಪಿಯಾನೊದಲ್ಲಿ ಹೆಚ್ಚಾಗಿ ಕಪ್ಪು ಮನೆಗಳನ್ನೇ ಒತ್ತುತ್ತಿದ್ದರು, ಶ್ರುತಿ ಬದಲಿಸೋಕೆ ಪಿಯಾನೊಗೇ ಒಂದು ಲಿವರ್ ಇತ್ತು. 1928ರ ಕ್ರಿಸ್‌ಮಸ್ ದಿನವೇ ಅವರ ಹಸುಗೂಸು ತೀರಿಹೋಗಿತ್ತು. ಹಾಡಿನ ಸಂತೋಷದೊಳಗೆ ಏನೋ ಭಾರ ಇದೆ ಅನ್ನಿಸುತ್ತಿತ್ತು ನನಗೆ, ಇದು ಓದಿದ ಮೇಲಂತೂ ಅದು ಕಿವಿಯಿಂದ ಹೋಗುತ್ತಲೇ ಇಲ್ಲ.

ಇನ್ನೊಂದು ವಿಷಯ. ಹಾಡಿನ ಮೊದಲ ಸಾಲುಗಳು ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ನ ಬಿಸಿಲು, ಕಿತ್ತಳೆ, ತಾಳೆ ಮರಗಳ ಬಗ್ಗೆ ಇವೆ. ಅಲ್ಲಿ ಕೂತವನಿಗೆ ಹಿಮದ ಆಸೆ. ಕ್ರಾಸ್ಬಿ ಅದನ್ನು ಹಾಡಿಲ್ಲ, ನಮ್ಮ ಕಿತ್ತಳೆ ಊರಿನವರಿಗೆ ಮೋಸ ಆಯ್ತು ಅಂತ ನನ್ನ ದೂರು. ನಮಗೂ ಹಿಮ ಬೀಳಲ್ಲ, ಕಾಫಿ ಕುಯ್ಲಿನ ಬೆಳಿಗ್ಗೆ ಮಂಜಿನಲ್ಲಿ ಎದುರಿನ ಸಿಲ್ವರ್ ಮರ ಕಾಣಲ್ಲ, ಅಷ್ಟೇ.

ಪಕ್ಕದ ಮನೆ ಆಂಟಿ ಚರ್ಚ್ ಕೊಯರ್‌ನಲ್ಲಿ ಹಾಡುವವರು. ಪೂರ್ತಿ ಕೇಳಿ, "ಚೆನ್ನಾಗಿದೆ ಕಣಪ್ಪ, ಆದ್ರೆ ಯೇಸು ಹೆಸರೇ ಇಲ್ವಲ್ಲ" ಅಂದರು. ಆಮೇಲೆ, "ಇನ್ನೊಂದ್ಸಲ ಹಾಕು."