ಪಂಪ್ ರಿಪೇರಿ ಅಂಗಡಿಗೆ ಓಎಸ್‌ಟಿಕೆಟ್: ಕೆಲವು ವರ್ಷ ಬಳಸಿದ ಮೇಲೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮದೊಂದು ಪಂಪ್‌ಸೆಟ್, ಇನ್ವರ್ಟರ್ ರಿಪೇರಿ ಅಂಗಡಿ ಉಂಟು. ಗಿರಾಕಿಗಳ ದೂರು ದಾಖಲಿಸಲು ಕೆಲವು ವರ್ಷಗಳಿಂದ ಓಎಸ್‌ಟಿಕೆಟ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದೇವೆ. ಓಪನ್ ಸೋರ್ಸ್, ದುಡ್ಡು ಕೊಡಬೇಕಾಗಿಲ್ಲ, ಬಳಸುವವರಿಗೆ ಬ್ರೌಸರ್ ಇದ್ದರೆ ಸಾಕು. ನಮ್ಮಂಥ ಸಣ್ಣ ಅಂಗಡಿಗೆ ಇದಕ್ಕಿಂತ ದೊಡ್ಡದು ಬೇಡವೇ ಬೇಡ. ಇನ್‌ಸ್ಟಾಲ್ ಮಾಡುವುದು ಸುಲಭ. ಮೇಲ್ ಮತ್ತು ಬ್ಯಾಕಪ್ ಸರಿ ಮಾಡಲಿಕ್ಕೆ ಜಾಸ್ತಿ ತಾಳ್ಮೆ ಬೇಕು.

ಇದು ಓಡುವ ಕಂಪ್ಯೂಟರನ್ನು, ಅಂದರೆ ಸರ್ವರನ್ನು, ಅಂಗಡಿಯಲ್ಲೇ ಇಡಬಹುದಿತ್ತು. ಆದರೆ ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಸಿಡಿಲು ಗೊತ್ತಲ್ವಾ? ಸಿಡಿಲಿಗೆ ಸುಟ್ಟ ಇನ್ವರ್ಟರ್ ಬೋರ್ಡುಗಳೇ ನಮ್ಮ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ಹಾಗಾಗಿ 2 ಜಿಬಿ ರ‍್ಯಾಮಿನ ಒಂದು ವಿಪಿಎಸ್ (ಇಂಟರ್ನೆಟ್ಟಿನಲ್ಲಿ ಸಿಗುವ ಬಾಡಿಗೆ ಸರ್ವರ್) ಬಾಡಿಗೆಗೆ ಹಿಡಿದೆವು. ಇದೇ ಥರದ ಇನ್ನೊಂದು ಸಾಫ್ಟ್‌ವೇರ್ ಝಮ್ಮಾಡ್ ನೋಡಲು ಚಂದ, ಆದರೆ ಅದರ ಹುಡುಕಾಟಕ್ಕೆ ಬೇಕಾದ ಎಲಾಸ್ಟಿಕ್‌ಸರ್ಚ್ ಜೊತೆಗೆ ಓಡಿಸಿದರೆ ಅಷ್ಟು ರ‍್ಯಾಮ್ ಎಲ್ಲಿಗೂ ಸಾಲದು. ಓಎಸ್‌ಟಿಕೆಟಿಗೆ ಪುಟ ತೋರಿಸಲು ಅಪಾಚಿ, ಪ್ರೋಗ್ರಾಂ ಓಡಿಸಲು ಪಿಎಚ್‌ಪಿ, ಡೇಟಾಬೇಸಿಗೆ ಮಾರಿಯಾಡಿಬಿ ಇದ್ದರೆ ಆಯಿತು.

ನಮ್ಮ ಸರ್ವರಿನಲ್ಲಿರುವ ಲಿನಕ್ಸ್ ಡೆಬಿಯನ್ 12. ಅದರ ಜೊತೆ ಬರುವುದು ಪಿಎಚ್‌ಪಿ 8.2, ಓಎಸ್‌ಟಿಕೆಟ್ 1.18ಕ್ಕೆ ಸರಿಯಾಗಿ ಹೊಂದುತ್ತದೆ. ಮೊದಲು ಇದನ್ನು ನೋಡಿಕೊಳ್ಳಿ: ನಿಮ್ಮ ಲಿನಕ್ಸ್ ಜೊತೆ ಬರುವ ಪಿಎಚ್‌ಪಿ ಆವೃತ್ತಿ ಹೊಂದದಿದ್ದರೆ ಮುಂದಿನದೆಲ್ಲ ತಲೆನೋವು. ಖಾಲಿ ಡೇಟಾಬೇಸ್ ಮಾಡಿ, ಮಾದರಿ ಕಾನ್ಫಿಗ್ (ಸೆಟ್ಟಿಂಗುಗಳ) ಫೈಲನ್ನು ನಕಲು ಮಾಡಿ, ಬರೆಯಲು ಅನುಮತಿ ಕೊಟ್ಟು ಬ್ರೌಸರಿನಲ್ಲಿ ತೆರೆದರೆ ಅದೇ ಮುಂದೆ ಕೇಳುತ್ತಾ ಹೋಗುತ್ತದೆ. ಮುಗಿದ ಕೂಡಲೇ ಕಾನ್ಫಿಗ್ ಫೈಲಿನ ಪರ್ಮಿಷನ್ 0644ಕ್ಕೆ (ಫೈಲಿನ ಮಾಲೀಕ ಖಾತೆ ಮಾತ್ರ ಬರೆಯಬಹುದು) ಇಳಿಸಿ, ಸೆಟಪ್ ಫೋಲ್ಡರನ್ನು ಅಳಿಸಿ. ನಾಳೆ ಮಾಡೋಣ ಅಂತ ಬಿಡಬೇಡಿ. ಅಪಾಚಿಯ ಬದಲು ಎಂಜಿನ್‌ಎಕ್ಸ್‌ನಲ್ಲೂ ಓಡುತ್ತದೆ, ಆದರೆ ವಿಳಾಸದ ನಿಯಮಗಳನ್ನು ಕೈಯಾರೆ ಬರೆಯಬೇಕು. ಅಪಾಚಿಯೇ ಸುಖ.

ಕೃಷಿಕರು ಫೋನ್ ಮಾಡುತ್ತಾರೆ. ಶಾಲೆ, ಬ್ಯಾಂಕು, ಸಹಕಾರಿ ಸಂಘದವರು ಮೇಲ್ ಕಳಿಸುತ್ತಾರೆ. ಆ ಮೇಲ್ ತಾನಾಗಿಯೇ ಟಿಕೆಟ್ (ಒಂದು ದೂರಿನ ದಾಖಲೆ) ಆಗಬೇಕಾದರೆ, ಹೊತ್ತು ಹೊತ್ತಿಗೆ ಕೆಲಸವನ್ನು ತಾನೇ ಓಡಿಸುವ ಕ್ರಾನ್ ಓಡಬೇಕು. ಯಾರಾದರೂ ಲಾಗಿನ್ ಆಗಿದ್ದಾಗ ಮಾತ್ರ ಮೇಲ್ ಎಳೆಯುವ ಒಂದು ಸೌಲಭ್ಯ ಒಳಗೇ ಉಂಟು, ಅದನ್ನು ನಂಬಿ ಕೂರಬೇಡಿ. 5 ನಿಮಿಷಕ್ಕೊಮ್ಮೆ ಸರ್ವರೇ ಓಡಿಸುವಂತೆ ಮಾಡಿ. ಜಿಮೇಲ್ ಈಗ ಬರೀ ಪಾಸ್‌ವರ್ಡಿಗೆ ಬಾಗಿಲು ತೆಗೆಯುವುದಿಲ್ಲ. ಗೂಗಲ್ ಮೂಲಕವೇ ಅನುಮತಿ ಪಡೆಯುವ ಒಆಥ್2 ಪ್ಲಗಿನ್ (ಹೆಚ್ಚುವರಿ ತುಣುಕು) ಹಾಕಬೇಕು, ಇಲ್ಲವೇ ಇದೊಂದಕ್ಕೇ ಬೇರೆಯಾಗಿ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಒಮ್ಮೆ ಕೂಡಿಬಂದ ಮೇಲೆ ಗಿರಾಕಿಯ ಮರುಉತ್ತರ ಅದೇ ಟಿಕೆಟಿನ ಕೆಳಗೆ ಬಂದು ಕೂರುತ್ತದೆ. ನಿಜಕ್ಕೂ ನೆಮ್ಮದಿ.

ಈ ಸಾಫ್ಟ್‌ವೇರ್ ಮೇಲೆ ನನಗೆ ಪ್ರೀತಿ ಬಂದದ್ದು ಹಳೆಯ ದಾಖಲೆಗಳಿಂದ. ಪೆರ್ಲ ಕಡೆಯ ಒಂದು ಅಡಿಕೆ ತೋಟದಿಂದ ದೂರು ಬಂತು: ಪಂಪ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಸಾಮಾನ್ಯವಾಗಿ ಕೆಪಾಸಿಟರ್ (ಮೋಟಾರು ತಿರುಗಲು ಶುರು ಮಾಡಿಸುವ ಭಾಗ) ಹೋಗಿರುತ್ತದೆ. ಗಿರಾಕಿಯ ಹೆಸರು ಒತ್ತಿದರೆ ಅವರ ಹಳೆಯ ಟಿಕೆಟುಗಳೆಲ್ಲ ಸಾಲಾಗಿ ಬಂದವು. ಹಿಂದಿನ ಬೇಸಗೆಯಲ್ಲೂ ಕೆಪಾಸಿಟರ್ ಬದಲಿಸಿದ್ದೆವು. ಅದರ ಕೆಳಗೆ, ಗಿರಾಕಿಗೆ ಕಾಣದ ಹಳದಿ ಟಿಪ್ಪಣಿಯಲ್ಲಿ, ಆಗ ಹೋಗಿದ್ದ ಹುಡುಗ ಬರೆದಿದ್ದ: 'ಪಂಪ್ ಓಡುವಾಗ ವೋಲ್ಟೇಜ್ 170.' ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಮತ್ತೊಂದು ಕೆಪಾಸಿಟರ್ ಹಾಕಿದರೆ ಸುಮ್ನೆ ದಂಡ. ಅಳೆದು ನೋಡಿದರೆ ಮೀಟರಿನ ಹತ್ತಿರ ವೋಲ್ಟೇಜ್ ಸರಿ ಇತ್ತು, ಕೆಳಗಿನ ಕೆರೆಯ ಪಂಪಿಗೆ ಮುಟ್ಟುವಾಗ ಇಳಿಯುತ್ತಿತ್ತು. ಅಷ್ಟು ಉದ್ದಕ್ಕೆ ಕೇಬಲ್ ತೀರಾ ತೆಳು. ದಪ್ಪ ಕೇಬಲ್ ಎಳೆದ ಮೇಲೆ ಆ ದೂರು ಮತ್ತೆ ಬಂದಿಲ್ಲ. ಪುಸ್ತಕದಲ್ಲಿ ಬರೆದಿದ್ದರೆ ಆ 170 ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮೆನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿದ್ದೇವೆ, ಒಳಗೆ ಬರೆಯುವುದು ಕನ್ನಡದಲ್ಲಿ. ಅಕ್ಷರಕ್ಕೆ ಏನೂ ತೊಂದರೆ ಇಲ್ಲ. ಗಿರಾಕಿಗೆ ಹೋಗುವ ಮೇಲ್ ಮಾದರಿಗಳನ್ನೂ ಕನ್ನಡದಲ್ಲಿ ಬರೆದಿದ್ದೇವೆ. ಊರಿನ ಹೆಸರಿಗೆ ಮಾತ್ರ ಕಾಸರಗೋಡಿನಂಥ ಜಾಗದಲ್ಲಿ ಎಚ್ಚರಿಕೆ ಬೇಕು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮಲಯಾಳದಲ್ಲಿ, ಮತ್ತೊಬ್ಬರು ಇಂಗ್ಲಿಷಿನಲ್ಲಿ ಬರೆದರೆ ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಅದಕ್ಕೆ ಕಸ್ಟಮ್ ಲಿಸ್ಟ್ (ನಾವೇ ಮಾಡುವ ಆಯ್ಕೆಯ ಪಟ್ಟಿ) ಮಾಡಿ ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಪುತ್ತಿಗೆ ಅಂತ ಪಂಚಾಯತುಗಳನ್ನು ತುಂಬಿಸಿದೆವು. ಈಗ ಆರಿಸಿದರೆ ಸಾಕು. ಬೆಳಿಗ್ಗೆ ಯಾವ ದಿಕ್ಕಿಗೆ ಬೈಕ್ ಹೋಗಬೇಕು ಎಂಬುದೂ ಇದರಿಂದಲೇ ತೀರ್ಮಾನ. ಟಿಕೆಟ್ ಮುಗಿಸಬೇಕಾದ ಗಡುವಿನ ಲೆಕ್ಕಕ್ಕೆ ರಜೆಯ ಪಟ್ಟಿಯೂ ಹಾಕಬಹುದು; ಓಣಂ, ವಿಷು ಹಾಕಿಟ್ಟಿದ್ದೇವೆ, ಹರತಾಳ ಬಂದರೆ ಆ ದಿನವನ್ನೂ ಸೇರಿಸುತ್ತೇವೆ.

ಬೇಸರದ ಸಂಗತಿಗಳೂ ಉಂಟು. ಸಿಬ್ಬಂದಿಯ ಪುಟ ಮೊಬೈಲಿಗೆ ಹೇಳಿ ಮಾಡಿಸಿದ್ದಲ್ಲ. ತೋಟದಲ್ಲಿ ನಿಂತು ಚಿಕ್ಕ ಪರದೆಯಲ್ಲಿ ಟಿಪ್ಪಣಿ ಬರೆಯುವುದು ಕಷ್ಟ, ಹುಡುಗರು ಅಂಗಡಿಗೆ ಬಂದ ಮೇಲೆ ಬರೆಯುತ್ತಾರೆ. ವಾಟ್ಸ್ಆ್ಯಪ್ ಜೊತೆ ನೇರ ಸಂಬಂಧವೂ ಇಲ್ಲ. ಸುಟ್ಟ ಸ್ಟಾರ್ಟರಿನ ಫೋಟೋ ಬರುವುದೆಲ್ಲ ವಾಟ್ಸ್ಆ್ಯಪಿನಲ್ಲೇ, ಅದನ್ನು ಇಳಿಸಿ ಟಿಕೆಟಿಗೆ ಸೇರಿಸಬೇಕು. ಹಾಗೆ ಸೇರಿಸಿದ ಫೋಟೋಗಳು ಡೇಟಾಬೇಸಿನ ಒಳಗೇ ಉಳಿಯುತ್ತವೆ, ಬ್ಯಾಕಪ್ ಊದಿಕೊಳ್ಳುತ್ತದೆ. ಫೈಲುಗಳನ್ನು ಬೇರೆ ಫೋಲ್ಡರಿಗೆ ಹಾಕುವ ಪ್ಲಗಿನ್ ಉಂಟು, ಮೊದಲ ದಿನವೇ ಹಾಕಿಕೊಳ್ಳಿ. ಆಮೇಲೆ ಆ ಫೋಲ್ಡರಿನ ಬ್ಯಾಕಪ್ ಬೇರೆಯಾಗಿ ತೆಗೆಯಬೇಕು.

ಅಪ್‌ಗ್ರೇಡ್ ಕಷ್ಟವಲ್ಲ. ಹೊಸ ಫೈಲು ಹಾಕಿ ಅಡ್ಮಿನ್ ಆಗಿ ಲಾಗಿನ್ ಆದರೆ ಡೇಟಾಬೇಸನ್ನು ಅದೇ ಬದಲಿಸುತ್ತದೆ. ಅಷ್ಟು ಹೊತ್ತು ಗಿರಾಕಿಗಳಿಗೆ ಪುಟ ತೆರೆಯುವುದಿಲ್ಲ. ನಾವು ಅದನ್ನು ಜುಲೈಗೆ ಇಟ್ಟುಕೊಳ್ಳುತ್ತೇವೆ. ಆಗ ತೋಟಕ್ಕೆ ನೀರು ಬಿಡುವ ಕೆಲಸ ಯಾರಿಗೂ ಇರುವುದಿಲ್ಲ.