ಬೆನ್ನರಟ್ಟಿನ ಸಣ್ಣ ಅಕ್ಷರಗಳು: ಕಿಂಗ್ ಕ್ರಿಮ್ಸನ್ ತಂಡದ ‘ದಿ ನೈಟ್ ವಾಚ್’ ಜೋಡಿ ಸಿಡಿ

ಬ್ರಿಟನ್ನಿನ ಪ್ರೊಗ್ರೆಸಿವ್ ರಾಕ್ ತಂಡವಾದ ಕಿಂಗ್ ಕ್ರಿಮ್ಸನ್‌ನ ‘ದಿ ನೈಟ್ ವಾಚ್’ ಜೋಡಿ ಸಿಡಿಯನ್ನು ಹೊರದೇಶದ ಮಾರಾಟಗಾರರೊಬ್ಬರಿಂದ ತರಿಸಿಕೊಂಡು ಎರಡು ತಿಂಗಳಾಯಿತು. ಅಂಚೆ ವೆಚ್ಚ, ಸುಂಕ ಎಲ್ಲವೂ ಸೇರಿ ಮೂರು ಸಾವಿರ ರೂಪಾಯಿಯ ಹತ್ತಿರ ಬಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಗೆ ಬರುವಷ್ಟರಲ್ಲಿ ಪ್ಲಾಸ್ಟಿಕ್ ಡಬ್ಬಿಯ ಒಂದು ಮೂಲೆ ಮುರಿದಿತ್ತಾದರೂ ಒಳಗಿನ ಎರಡೂ ಸಿಡಿಗಳ ಮೇಲೆ ಒಂದು ಗೀರೂ ಇರಲಿಲ್ಲ.

ಇದು 1973ರ ನವೆಂಬರ್ 23ರಂದು ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಗೆಬೌ ಸಭಾಂಗಣದಲ್ಲಿ ನಡೆದ ಕಛೇರಿಯ ಮುದ್ರಣ. ಆ ರಾತ್ರಿಯ ಕೆಲವು ಭಾಗಗಳನ್ನು ಚಪ್ಪಾಳೆ ಕತ್ತರಿಸಿ 1974ರ ‘ಸ್ಟಾರ್‌ಲೆಸ್ ಆಂಡ್ ಬೈಬಲ್ ಬ್ಲ್ಯಾಕ್’ ಆಲ್ಬಮ್ಮಿನಲ್ಲಿ ಸೇರಿಸಲಾಗಿತ್ತು. ಅದನ್ನು ಕೇಳಿದವರಲ್ಲಿ ಅನೇಕರು ಎಲ್ಲವೂ ಸ್ಟುಡಿಯೋದಲ್ಲಿಯೇ ಆದದ್ದೆಂದು ನಂಬಿದ್ದರು. ಕಛೇರಿಯು ಕಛೇರಿಯಾಗಿಯೇ ಅಧಿಕೃತವಾಗಿ ಹೊರಬಂದದ್ದು 1997ರಲ್ಲಿ. ಅಲ್ಲಿಯವರೆಗೆ ರೇಡಿಯೋದಿಂದ ಹಿಡಿದ ಕಳ್ಳಮುದ್ರಣಗಳೇ ಕೇಳುಗರಿಗೆ ಗತಿಯಾಗಿದ್ದವು.

ಧ್ವನಿಯ ಬಗ್ಗೆ ಹೇಳುವುದಾದರೆ, ಜಾನ್ ವೆಟನ್ನರ ಬಾಸ್ ಗಿಟಾರು ಮಿಕ್ಕವರ ಮೇಲೆ ಏರಿ ಬರುತ್ತದೆ, ಡೇವಿಡ್ ಕ್ರಾಸ್ ಅವರ ಪಿಟೀಲು ಅನೇಕ ಕಡೆ ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಹನ್ನೊಂದು ನಿಮಿಷಗಳ ‘ಫ್ರ್ಯಾಕ್ಚರ್’ ಮಾತ್ರ ರಾಬರ್ಟ್ ಫ್ರಿಪ್ ಅವರ ಗಿಟಾರಿನ ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ಕೇಳಿಸುತ್ತದೆ.

ನಾನು ಮತ್ತೆಮತ್ತೆ ಹಾಕಿಕೊಂಡದ್ದು ಎರಡನೇ ಸಿಡಿಯಲ್ಲಿರುವ ‘ಟ್ರಿಯೋ’. ವೇದಿಕೆಯ ಮೇಲೆಯೇ ಹುಟ್ಟಿದ ಈ ಐದಾರು ನಿಮಿಷಗಳ ಮನೋಧರ್ಮ ಸಂಗೀತದಲ್ಲಿ ಪಿಟೀಲು, ಮೆಲೊಟ್ರಾನ್ (ಟೇಪಿನಲ್ಲಿ ಮುದ್ರಿಸಿಟ್ಟ ವಾದ್ಯಧ್ವನಿಗಳನ್ನು ನುಡಿಸುವ ಕೀಲಿಮಣೆ ವಾದ್ಯ), ಬಾಸ್ ಮೂರೇ ಇವೆ. ಡ್ರಮ್ ವಾದಕ ಬಿಲ್ ಬ್ರುಫರ್ಡ್ ಕೋಲುಗಳನ್ನು ಎದೆಯ ಮೇಲೆ ಅಡ್ಡಲಾಗಿ ಹಿಡಿದು ಕೊನೆಯವರೆಗೂ ಸುಮ್ಮನೆ ಕುಳಿತರು. ಆದರೂ ರಚನಕಾರರ ಸಾಲಿನಲ್ಲಿ ಅವರ ಹೆಸರಿದೆ. ನುಡಿಸದೆ ಉಳಿದದ್ದೂ ಆ ರಚನೆಗೆ ಸಂದ ಕೊಡುಗೆಯೆಂದು ತಂಡ ಲೆಕ್ಕ ಹಿಡಿಯಿತು. ನಮ್ಮ ಬೈಠಕ್ಕುಗಳಲ್ಲಿ ಆಲಾಪ ಮುಗಿಯುವವರೆಗೆ ತಬಲಜಿ ಕೈಕಟ್ಟಿ ಕೂರುವುದು ದಿನದ ಮಾತು, ಅದಕ್ಕಾಗಿ ರಾಯಧನದಲ್ಲಿ ಪಾಲು ಕೊಟ್ಟವರನ್ನು ನಾನು ಕಂಡಿಲ್ಲ.

ಇನ್ನು ಬೆನ್ನರಟ್ಟಿನ ಸಣ್ಣ ಅಕ್ಷರಗಳು. ಭೂತಗನ್ನಡಿ ಹಿಡಿದು ಓದಬೇಕಾದ ಆ ಸಾಲುಗಳ ಸಾರಾಂಶವೆಂದರೆ, ಧ್ವನಿಮುದ್ರಣದ ಹಕ್ಕುಸ್ವಾಮ್ಯವು ಕಲಾವಿದರಲ್ಲಿಯೇ ಇದೆ, ಕಂಪನಿಯು ಅವರ ಪರವಾಗಿ ಅದನ್ನು ನಿರ್ವಹಿಸುತ್ತದೆ, ‘ಎಲ್ಲೆಡೆ ಇದೇ ವಾಡಿಕೆ’ ಎಂಬ ನೆಪವೊಡ್ಡಿ ಕಲಾವಿದರಿಂದ ಹಕ್ಕು ಬರೆಸಿಕೊಳ್ಳುವುದನ್ನು ಸಮರ್ಥಿಸಲಾಗದು. ಈ ಕಂಪನಿ, ಡಿಸಿಪ್ಲಿನ್ ಗ್ಲೋಬಲ್ ಮೊಬೈಲ್, 1992ರಲ್ಲಿ ಫ್ರಿಪ್ ಮತ್ತು ಡೇವಿಡ್ ಸಿಂಗಲ್ಟನ್ ಕಟ್ಟಿದ್ದು. ತಮ್ಮ ಹಳೆಯ ವ್ಯವಸ್ಥಾಪಕ ಸಂಸ್ಥೆಯಾದ ಇ.ಜಿ.ಯೊಂದಿಗೆ ಫ್ರಿಪ್ 1990ರ ದಶಕದ ಹಲವು ವರ್ಷಗಳನ್ನು ವ್ಯಾಜ್ಯದಲ್ಲಿ ಕಳೆದರು. ಅದೇ ದಶಕದಲ್ಲಿ ಹಳೆಯ ಕಛೇರಿಗಳ ಟೇಪುಗಳು ಹೀಗೆ ಒಂದೊಂದಾಗಿ ಹೊರಬಂದವು.

ದೀರ್ಘ ರಚನೆಗಳನ್ನು ನೆಚ್ಚಿದ ಪ್ರೊಗ್ರೆಸಿವ್ ರಾಕ್ ಕಲಾವಿದರಿಗೆ ಒಪ್ಪಂದದ ಒಂದು ಸಾಲು ಎಷ್ಟು ದೂರ ಕಾಯುತ್ತದೆ ಎಂಬುದಕ್ಕೆ ಪಿಂಕ್ ಫ್ಲಾಯ್ಡ್ ತಂಡ ಸಾಕ್ಷಿ: ಆಲ್ಬಮ್ಮುಗಳನ್ನು ಬಿಡಿಹಾಡುಗಳಾಗಿ ಒಡೆಯಬಾರದೆಂಬ ಷರತ್ತನ್ನು ಎತ್ತಿಹಿಡಿದು 2010ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯವು ಅವರ ಧ್ವನಿಮುದ್ರಣ ಕಂಪನಿಯಾದ ಇ.ಎಂ.ಐ. ವಿರುದ್ಧ ತೀರ್ಪಿತ್ತಿತು. ಬ್ರಿಟನ್ನಿನ ಸಂಗೀತಗಾರ ಮೈಕ್ ಓಲ್ಡ್‌ಫೀಲ್ಡ್ ಅವರ ದಾರಿ ಬೇರೆ. ವರ್ಜಿನ್ ಕಂಪನಿಯೊಂದಿಗಿನ ಒಪ್ಪಂದದ ಕೊನೆಯ ದಿನಗಳಲ್ಲಿ, 1990ರಲ್ಲಿ, ಅವರು ‘ಅಮರೋಕ್’ ಎಂಬ ಒಂದು ಗಂಟೆಯ ಒಂದೇ ರಚನೆಯನ್ನು ಕೊಟ್ಟರು. ಅದರಿಂದ ರೇಡಿಯೋಗಾಗಿ ಮೂರು ನಿಮಿಷದ ತುಣುಕು ಕತ್ತರಿಸುವುದು ಕಷ್ಟದ ಕೆಲಸ. 1973ರಲ್ಲಿ ವರ್ಜಿನ್ನಿನ ಮೊದಲ ಆಲ್ಬಮ್ಮಾಗಿ ಬಂದ ‘ಟ್ಯೂಬ್ಯುಲರ್ ಬೆಲ್ಸ್’ನ ಎರಡನೇ ಭಾಗವನ್ನು ಅವರು ಹೊರತಂದದ್ದು 1992ರಲ್ಲಿ, ವಾರ್ನರ್ ಮೂಲಕ.

ಇದನ್ನೆಲ್ಲ ಇಷ್ಟು ಆಸ್ಥೆಯಿಂದ ಬರೆಯಲು ಸ್ವಂತದ ಕಾರಣವೊಂದಿದೆ. ಇಪ್ಪತ್ತು ವರ್ಷಗಳ ಹಿಂದೆ ನಾನು ಮತ್ತು ಗೋಕಾಕದ ಗೆಳೆಯರೊಬ್ಬರು ಎಂಟು ಭಜನಾ ಪದಗಳಿಗೆ ರಾಗ ಕೂಡಿಸಿ, ಆಡಿಯೋ ಕಂಪನಿಯೊಂದಕ್ಕೆ ಐದು ಸಾವಿರ ರೂಪಾಯಿಗೆ ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟೆವು. ಅವಧಿಯನ್ನು ನಮೂದಿಸದಿದ್ದರೆ ಹಕ್ಕು ವರ್ಗಾವಣೆ ಐದೇ ವರ್ಷಕ್ಕೆ ಸೀಮಿತವೆಂದು ನಮ್ಮ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಂ ಹೇಳುತ್ತದೆ. ನಮ್ಮ ಕಾಗದದಲ್ಲಿ ‘ಶಾಶ್ವತವಾಗಿ’ ಎಂಬ ಪದವಿತ್ತು, ಅದನ್ನು ಓದಿಯೇ ಸಹಿ ಹಾಕಿದ್ದೆವು. ಗೀತರಚನೆಕಾರರೂ ಸಂಯೋಜಕರೂ ರಾಯಧನದ ಸಮಪಾಲನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ ಎಂಬ ತಿದ್ದುಪಡಿ ಬಂದದ್ದು 2012ರಲ್ಲಿ, ನಮ್ಮ ಸಹಿಯ ಮಸಿ ಒಣಗಿ ಬಹಳ ವರ್ಷಗಳಾದ ಮೇಲೆ.

ಈ ಜಾತಿಯ ಸಂಗೀತವನ್ನು ಮೊದಲ ಸಲ ಕೇಳುವವರಿಗೆ ನಾನು ಈ ಸಿಡಿಯನ್ನು ಸೂಚಿಸುವುದಿಲ್ಲ. ಎರಡನೇ ಸಿಡಿಯ ಮನೋಧರ್ಮದ ಭಾಗಗಳು ತಾಳ್ಮೆ ಬೇಡುತ್ತವೆ, ಬೆಲೆಯೂ ಭಾರ. 1974ರ ಆಲ್ಬಮ್ ಈಗಾಗಲೇ ಮನೆಯಲ್ಲಿದ್ದವರು ಧಾರಾಳವಾಗಿ ಕೊಳ್ಳಬಹುದು. ಕಳೆದ ಭಾನುವಾರ ಗೋಕಾಕದ ಗೆಳೆಯರು ಬಂದಿದ್ದಾಗ ಅವರಿಗೆ ‘ಟ್ರಿಯೋ’ ಕೇಳಿಸಿದೆ. ಪದ ಚೆನ್ನಾಗಿದೆ ಎಂದರು, ಸಿಡಿಯನ್ನು ಒಯ್ಯಲಿಲ್ಲ. ಹೋಗುವಾಗ ಬೆನ್ನರಟ್ಟಿನ ಝೆರಾಕ್ಸನ್ನು ಮಾತ್ರ, ಸ್ವಲ್ಪ ದೊಡ್ಡದು ಮಾಡಿಸಿಕೊಂಡು, ಜೇಬಿಗಿಟ್ಟುಕೊಂಡರು.